ಕರು ಎಂದರೆ ಕರುವಲ್ಲ: ತಮಿಳು ಸೀಮೆಯಲ್ಲಿ ನಮ್ಮ ದನಕರುಗಳ ಹೆಸರು



ಕಳೆದ ಮಾಸಿಕ ಸಭೆಯಲ್ಲಿ ಚಂದಾ ಬಾಕಿಯ ವಿಷಯ ಮುಗಿದು ಕಾಫಿ ಬಂದ ಮೇಲೆ, ಎಂದಿನಂತೆ ಮಾತು ಎಲ್ಲೆಲ್ಲಿಗೋ ಹೋಗಿ ಕೊನೆಗೆ ದನಕರುಗಳ ಹತ್ತಿರ ನಿಂತಿತು. ನಮ್ಮ ಕನ್ನಡದ ಹೆಸರುಗಳನ್ನೇ ತಮಿಳಿನಲ್ಲಿ ಹೇಳಿದರೆ ಕೆಲವು ಕಡೆ ಸರಿಯಾಗಿ ನಡೆಯುತ್ತದೆ, ಕೆಲವು ಕಡೆ ನಗೆಪಾಟಲಾಗುತ್ತದೆ, ಒಂದೊಂದು ಕಡೆ ನಷ್ಟವೇ ಆಗುತ್ತದೆ ಎಂದು ಎಲ್ಲರೂ ಒಂದೊಂದು ಕಥೆ ಹೇಳಿದರು. ಇದನ್ನು ಬರೆದು ಹಾಕಿ, ಹೊಸದಾಗಿ ಮದುವೆಯಾಗಿ ಈ ಕಡೆ ಬರುವ ಹೆಣ್ಣುಮಕ್ಕಳಿಗಾದರೂ ಉಪಯೋಗವಾಗಲಿ ಎಂದು ಹಿರಿಯ ಸದಸ್ಯರೊಬ್ಬರು ಹೇಳಿದ್ದರಿಂದ ಈ ಬರಹ. ನಾವು ಭಾಷಾಶಾಸ್ತ್ರ ಓದಿದವರಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಗುಮಾಸ್ತರಾಗಿ ಎರಡೂ ಭಾಷೆಯ ಜನರ ಅರ್ಜಿ ಬರೆದವರು, ಮನೆಯಲ್ಲಿ ಹಸು ಕಟ್ಟಿದವರು, ಅಷ್ಟೇ.

ಮೊದಲು ಆ ನಷ್ಟದ ಕಥೆಯನ್ನೇ ಹೇಳಿಬಿಡುತ್ತೇವೆ. ಹೋದ ವರ್ಷ ದೀಪಾವಳಿಗೆ ಮುಂಚೆ ಮೊರಪ್ಪೂರಿನ ಪಕ್ಕದ ಹಳ್ಳಿಯಲ್ಲಿ, ನಮ್ಮ ನೆಂಟರ ಮನೆಯಲ್ಲಿ ನಡೆದದ್ದು. ಆ ಮನೆಯ ಸೊಸೆ ಕನಕಪುರದ ಕಡೆಯ ಹುಡುಗಿ, ಬಂದು ಇನ್ನೂ ಒಂದು ವರ್ಷವಾಗಿರಲಿಲ್ಲ. ತಮಿಳು ಸಿನಿಮಾ ನೋಡಿ ಕಲಿತದ್ದಷ್ಟು ಬರುತ್ತಿತ್ತು. ಗಂಡ ಕೆಲಸಕ್ಕೆಂದು ಊರಿನಲ್ಲಿರಲಿಲ್ಲ, ಅತ್ತೆ ಮಗಳ ಮನೆಗೆ ಹೋಗಿದ್ದರು. ಸಂಜೆ ಹಸುವಿಗೆ ನೋವು ಕಾಣಿಸಿಕೊಂಡಿತು. ನೀರು ಒಡೆದು ಎರಡು ಗಂಟೆಯಾದರೂ ಕರು ಹೊರಗೆ ಬರಲಿಲ್ಲ. ಹುಡುಗಿ ಗಾಬರಿಯಾಗಿ, ಗೋಡೆಯ ಮೇಲೆ ಬರೆದಿದ್ದ ನಂಬರಿಗೆ ಫೋನ್ ಮಾಡಿ ತನಗೆ ಬಂದ ತಮಿಳಿನಲ್ಲಿ ಹೇಳಿದಳು: 'ಮಾಟ್ಟುಕ್ಕು ಕರು ವರಲೆ, ಕೊಂಜಂ ವಾಂಗ.' ಆ ಕಡೆಯಿಂದ ಸಮಾಧಾನದ ಉತ್ತರ ಬಂತು: 'ಕಾಲೈಲೆ ಓಟ್ಟಿಕ್ಕಿಟ್ಟು ವಾಂಗಮ್ಮಾ, ಪಾಕ್ಕಲಾಂ.' ಬೆಳಿಗ್ಗೆ ಹೊಡೆದುಕೊಂಡು ಬಾರಮ್ಮ, ನೋಡೋಣ ಎಂದು.

ಅವರ ತಪ್ಪೇನೂ ಇಲ್ಲ. ತಮಿಳಿನಲ್ಲಿ ಕರು ಎಂದರೆ ಹಸುವಿನ ಕರುವಲ್ಲ, ಬಸಿರಿನಲ್ಲಿ ಕಟ್ಟುವ ಪಿಂಡ. ಹಸುವಿಗೆ ಗರ್ಭ ನಿಲ್ಲುತ್ತಿಲ್ಲ ಎಂದು ಅವರು ತಿಳಿದರು. ಅದಕ್ಕೆ ರಾತ್ರಿ ಯಾರು ಬರುತ್ತಾರೆ? ಬೆಳಿಗ್ಗೆ ಪಕ್ಕದ ಮನೆಯ ತಮಿಳು ಮುದುಕರೊಬ್ಬರು ಬಂದು ಕೈಹಾಕಿ ಎಳೆದಾಗ ಕರು ಸತ್ತಿತ್ತು. ಹೆಣ್ಣು ಕರು. ಹಸು ಉಳಿಯಿತು. ನಾವು ಸುದ್ದಿ ತಿಳಿದು ಹೋದಾಗ ಆ ಹುಡುಗಿ ಕೊಟ್ಟಿಗೆಯ ಬಾಗಿಲಲ್ಲಿ ಕೂತಿದ್ದಳು. 'ಮಾವ, ಕರು ಅಂದ್ರೆ ಕರುನೇ ಅಲ್ವಾ?' ಎಂದು ಕೇಳಿದಳು. ನಮಗೆ ಏನು ಹೇಳಬೇಕೆಂದು ತೋಚಲಿಲ್ಲ.

ಆದ್ದರಿಂದ ಕೊಟ್ಟಿಗೆಯ ಮಾತುಗಳಿಂದಲೇ ಶುರು ಮಾಡುತ್ತೇವೆ. ತಮಿಳಿನಲ್ಲಿ ಕರುವಿಗೆ ಬರವಣಿಗೆಯಲ್ಲಿ ಕನ್ಱು, ಮಾತಿನಲ್ಲಿ ಕನ್ನು ಅಥವಾ ಕನ್ನುಕ್ಕುಟ್ಟಿ. ಹಳಗನ್ನಡದಲ್ಲಿ ನಮಗೂ ಕಂದು ಎಂಬ ಮಾತು ಇತ್ತು. ನಾವು ಅದನ್ನು ಬಿಟ್ಟೆವು, ಅವರು ಉಳಿಸಿಕೊಂಡರು. ಹಸು ಕರು ಹಾಕುವುದಕ್ಕೆ ಅವರು ಕನ್ನು ಪೋಡುದು ಎನ್ನುತ್ತಾರೆ. ಹಾಕು ಎಂಬಲ್ಲಿ ಪೋಡು, ಉಳಿದದ್ದು ನಮ್ಮ ಮಾತಿನ ರೀತಿಯೇ. ಕಷ್ಟವಾದರೆ ಹೇಳಬೇಕಾದ ಮಾತು: 'ಕನ್ನು ಪೋಡ ಮುಡಿಯಲೆ.' ಇಷ್ಟು ಹೇಳಿದರೆ ಯಾರಿಗೂ ಅನುಮಾನ ಉಳಿಯುವುದಿಲ್ಲ. ಹಸು ಗಬ್ಬವಾಗಿದೆ ಎನ್ನಲು ಸಿನೈಯಾ ಇರುಕ್ಕು ಎನ್ನಬೇಕು. ಸಿನೈ ಎಂದರೆ ಪ್ರಾಣಿಗಳ ಗಬ್ಬ. ನಮ್ಮ ಗಬ್ಬ ಎಂಬ ಮಾತನ್ನು ಅಲ್ಲಿ ಬಳಸಿದರೆ ಅವರ ಕಿವಿಗೆ ಕಪ್ಪು ಎಂದು ಕೇಳುತ್ತದೆ. ಅದು ದುರ್ನಾತ, ನಮ್ಮ ಗಬ್ಬು ಇದೆಯಲ್ಲ, ಅದೇ.

ಕರು ಹಾಕಿದ ಮೇಲೆ ಬೀಳಬೇಕಾದ ಮಾಸಿನ ವಿಷಯದಲ್ಲಿ ಇನ್ನೊಂದು ತೊಡಕು. ಮಾಸು ಬಿದ್ದಿಲ್ಲ ಎಂದು ನಾವು ಹೇಳುವುದನ್ನು ಅವರು ನಂಜುಕ್ಕೊಡಿ ವಿಳಲೆ ಎನ್ನುತ್ತಾರೆ, ಅವಸರದಲ್ಲಿ ಬರೀ ನಂಜು ಎಂದೂ ಹೇಳುತ್ತಾರೆ. ನಂಜು ಎಂದೊಡನೆ ನಮಗೆ ವಿಷ ನೆನಪಾಗುತ್ತದೆ, ಹಸು ಏನೋ ತಿಂದಿದೆ ಎಂದು ಎದೆ ಹೊಡೆದುಕೊಳ್ಳುತ್ತದೆ. ತಮಿಳಿನಲ್ಲೂ ನಂಜಿಗೆ ವಿಷ ಎಂಬ ಅರ್ಥ ಉಂಟು, ಆದರೆ ಕೊಟ್ಟಿಗೆಯಲ್ಲಿ ಅದು ಮಾಸು. ಇತ್ತ ನಾವು ಮಾಸು ಎಂದರೆ ಅವರಿಗೆ ಕೊಳೆ, ಧೂಳು ಎಂದು ತಿಳಿಯುತ್ತದೆ.

ಕೆಚ್ಚಲಿಗೆ ತಮಿಳಿನಲ್ಲಿ ಮಡಿ. ನಮ್ಮ ಮನೆಯ ಹಿರಿಯರೊಬ್ಬರು ಔಷಧಿ ಅಂಗಡಿಗೆ ಹೋಗಿದ್ದಾಗ ಅಂಗಡಿಯವರು ಮಡಿಯಿಲ್ ವೀಕ್ಕಮಾ ಎಂದು ಕೇಳಿದರಂತೆ. ನಮ್ಮವರು, ಮಡಿ ಮೈಲಿಗೆ ಎಲ್ಲ ನಮ್ಮ ಮನೆಯಲ್ಲಿ ನೋಡುವುದಿಲ್ಲ ಸ್ವಾಮಿ ಎಂದು ಉತ್ತರ ಕೊಟ್ಟು ಬಂದರು. ಈ ಕಥೆಯನ್ನು ನಾವು ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇವೆ, ಎಷ್ಟು ನಿಜವೋ ಆ ದೇವರೇ ಬಲ್ಲ. ಆದರೆ ಕೆಚ್ಚಲು ಬಾವಿಗೆ ಇಲ್ಲಿ ಮಡಿನೋಯ್ ಎಂದೇ ಹೆಸರು, ಅದಂತೂ ನಿಜ.

ಕಾಲುಬಾಯಿ ಜ್ವರದ ಲಸಿಕೆಯ ನೋಟೀಸು ಬಂದಾಗ ಅದರಲ್ಲಿ ಕೋಮಾರಿ ಎಂದಿರುತ್ತದೆ. ಕೆಲವು ಕಡೆ ಕಾಲ್ ವಾಯ್ ಕಾಣೈ ಎಂದೂ ಅಚ್ಚಾಗಿರುತ್ತದೆ. ಕಾಣೈ ಎಂದರೆ ಆ ರೋಗದ ಹೆಸರು. ಕನ್ನಡದ ಕಿವಿಗೆ ಅದು ಕಾಲೂ ಬಾಯೂ ಕಾಣೆಯಾದ ಹಾಗೆ ಕೇಳಿಸುತ್ತದೆ. ನಗು ಬಂದರೂ ನೋಟೀಸನ್ನು ಕಡೆಗಣಿಸಬೇಡಿ, ಅದು ಲಸಿಕೆಯದೇ. ದನಗಳಿಗೆ ತುರ್ತು ಚಿಕಿತ್ಸೆಯ ವಾಹನಕ್ಕೆ 1962 ಎಂಬ ನಂಬರ್ ಇದೆ, ಫೋನ್ ಮಾಡಿದರೆ ಹಣ ಕೊಡಬೇಕಾಗಿಲ್ಲ. ಬರೆದಿಟ್ಟುಕೊಳ್ಳಿ.

ಇನ್ನು ಸಂತೆಯ ಮಾತು. ಪೋಚಂಪಳ್ಳಿಯ ಭಾನುವಾರದ ಸಂತೆಗೋ ಇನ್ನೆಲ್ಲಿಗೋ ದನ ಕೊಳ್ಳಲು ಹೋಗುವವರು ಕಿಡಾ ಮತ್ತು ಕಿಡಾರಿ ಎಂಬ ಎರಡು ಮಾತನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು. ಕಿಡಾ ಗಂಡು: ಹೋತ, ಟಗರು, ಕೋಣ ಯಾವುದೂ ಆಗಬಹುದು. ಕಿಡಾರಿ ಮಾತ್ರ ಹೆಣ್ಣು, ಇನ್ನೂ ಕರು ಹಾಕದ ಹಸು, ನಮ್ಮ ಕಡಸು. ದೊಡ್ಡ ಕಿಡಾವೇ ಕಿಡಾರಿ ಇರಬೇಕೆಂದು ಊಹಿಸಿ, ಒಳ್ಳೆಯ ಕಡಸೊಂದನ್ನು ನೋಡದೆಯೇ ಬಿಟ್ಟು ಬಂದ ಸದಸ್ಯರು ನಮ್ಮಲ್ಲಿದ್ದಾರೆ. ಸಭೆಯಲ್ಲಿ ಅವರೇ ಹೇಳಿಕೊಂಡರು, ಹೆಸರು ಬರೆಯಬೇಡಿ ಎಂದರು.

ಆಡು, ಕುರಿಯ ವಿಷಯ ಎಲ್ಲಕ್ಕಿಂತ ಹೆಚ್ಚು ಗೋಜಲಿನದು. ಅದರಲ್ಲಿ ನಮ್ಮದೇ ಒಂದು ಅನುಭವವಿದೆ. ಕನ್ನಡದಲ್ಲಿ ಆಡು ಬೇರೆ, ಕುರಿ ಬೇರೆ. ಆಡಿಗೆ ಗಡ್ಡ, ಕುರಿಗೆ ಉಣ್ಣೆ, ಮಗುವಿಗೂ ಗೊತ್ತು. ತಮಿಳಿನಲ್ಲಿ ಆಡು ಎಂದರೆ ಎರಡಕ್ಕೂ ಸಾಮಾನ್ಯ ಹೆಸರು. ಬೇರೆಬೇರೆಯಾಗಿ ಹೇಳಬೇಕಾದರೆ ನಮ್ಮ ಆಡಿಗೆ ವೆಳ್ಳಾಡು, ನಮ್ಮ ಕುರಿಗೆ ಸೆಮ್ಮರಿಯಾಡು. ಕುರಿ ಎಂಬ ಶಬ್ದ ಅವರಲ್ಲೂ ಉಂಟು, ಆದರೆ ಅದಕ್ಕೆ ಗುರುತು, ಗುರಿ ಎಂಬ ಅರ್ಥ. ಇನ್ನೊಂದು ಅರ್ಥವೂ ಇದೆ, ಅದನ್ನು ಸಂಘದ ಪುಟದಲ್ಲಿ ಬರೆಯುವ ಹಾಗಿಲ್ಲ.

2011ರಲ್ಲಿ ತಮಿಳುನಾಡು ಸರ್ಕಾರ ಬಡ ಕುಟುಂಬಗಳಿಗೆ ಉಚಿತವಾಗಿ ನಾಲ್ಕು ಆಡು ಅಥವಾ ನಾಲ್ಕು ಕುರಿ ಕೊಡುವ ಯೋಜನೆ ತಂದಿತು. ವಿಲೈಯಿಲ್ಲಾ ವೆಳ್ಳಾಡು, ಸೆಮ್ಮರಿಯಾಡು ಎಂದು ಅದರ ಹೆಸರು. ಬೆಲೆಯಿಲ್ಲದ, ಅಂದರೆ ಪುಕ್ಕಟೆ. ಆಗ ನಾವು ಇನ್ನೂ ನೌಕರಿಯಲ್ಲಿದ್ದೆವು. ಒಂದು ದಿನ ಪಟ್ಟಿ ಬರೆಯುವ ಜಾಗದಲ್ಲಿ ನಮ್ಮ ಕಡೆಯ ಅಜ್ಜಿಯೊಬ್ಬರು ನಿಂತಿದ್ದರು. ಕುರಿ ಕಾಯುವ ಮನೆತನ, ಆಡು ಸಾಕಿ ಅಭ್ಯಾಸವಿಲ್ಲ. ಆಡು ಬೇಲಿ ಹಾರಿ ಪಕ್ಕದವರ ಬೆಳೆಗೆ ಬಾಯಿ ಹಾಕಿ ಜಗಳ ತರುತ್ತದೆ ಎಂಬ ಹೆದರಿಕೆ ಬೇರೆ. ಅಜ್ಜಿ ಜೋರಾಗಿ ಹೇಳಿದರು: 'ಎನಕ್ಕು ಆಡು ವೇಂಡಾಂ, ಕುರಿ ವೇಣುಂ.' ಬರೆಯುತ್ತಿದ್ದ ಹುಡುಗ ತಲೆ ಎತ್ತಿ ನೋಡಿ, ಆಡು ಬೇಡವಂತೆ ಎಂದು ಹೆಸರಿನ ಮೇಲೆ ಗೀಟು ಎಳೆಯಲು ಪೆನ್ನು ಇಟ್ಟ. ಕುರಿ ಬೇಕು ಎಂಬುದನ್ನು ಅವನು ಏನೆಂದು ತಿಳಿದನೋ, ಮುಖ ಮಾತ್ರ ಕೆಂಪಾಗಿತ್ತು. ನಾವು ಬೇರೆ ಕೆಲಸದ ಮೇಲೆ ಆ ಕಡೆ ಹೋಗಿದ್ದವರು ಕೇಳಿಸಿಕೊಂಡು, 'ತಂಬಿ, ಅವರು ಸೆಮ್ಮರಿ ಕೇಳುತ್ತಿದ್ದಾರೆ' ಎಂದು ಹೇಳಿದೆವು. ಅಜ್ಜಿಗೆ ನಾಲ್ಕು ಕುರಿ ಬಂದವು. ನಾವು ಆ ಹೊತ್ತಿಗೆ ಅಲ್ಲಿ ಇಲ್ಲದಿದ್ದರೆ ಒಂದು ಗೀಟಿನಲ್ಲಿ ಹೋಗುತ್ತಿದ್ದವು.

ಇದರಲ್ಲಿ ಒಂದು ಸ್ವಾರಸ್ಯವಿದೆ. ಸೆಮ್ಮರಿ ಎಂಬ ಮಾತನ್ನು ಬಿಡಿಸಿದರೆ ಸೆಮ್ ಎಂದರೆ ಕೆಂಪು, ಉಳಿದದ್ದು ಮಱಿ. ಅದು ನಮ್ಮ ಕುರಿಮರಿಯ ಮರಿಯೇ. ಹಳಗನ್ನಡದಲ್ಲೂ ಇದನ್ನು ಮಱಿ ಎಂದೇ ಬರೆಯುತ್ತಿದ್ದರು. ತಮಿಳಿನ ಅತಿ ಹಳೆಯ ವ್ಯಾಕರಣ ತೊಲ್ಕಾಪ್ಪಿಯಂನಲ್ಲಿ ಮರಬಿಯಲ್ ಎಂಬ ಭಾಗವಿದೆ. ಅಲ್ಲಿ ಎಳೆಯ ಪ್ರಾಣಿಗಳಿಗೆ ಹೇಳುವ ಒಂಬತ್ತು ಹೆಸರುಗಳ ಪಟ್ಟಿ ಕೊಟ್ಟಿದ್ದಾರೆ. ಕುಟ್ಟಿ, ಕನ್ಱು, ಪಿಳ್ಳೈ ಇವುಗಳ ಜೊತೆಗೆ ಮಱಿಯೂ ಒಂದು. ಆಡು, ಕುದುರೆ, ಜಿಂಕೆಗಳ ಮರಿಗೆ ಆ ಹೆಸರು. ಈಗ ತಮಿಳಿನವರ ಬಾಯಲ್ಲಿ ಕುಟ್ಟಿ ಗೆದ್ದು ನಾಯ್ಕುಟ್ಟಿ, ಯಾನೈಕುಟ್ಟಿ, ಆಟ್ಟುಕುಟ್ಟಿ ಎಲ್ಲವೂ ಕುಟ್ಟಿಯೇ ಆಗಿವೆ. ನಮ್ಮ ಬಾಯಲ್ಲಿ ಮರಿ ಗೆದ್ದು ನಾಯಿಮರಿ, ಆನೆಮರಿ, ಹಾವಿನಮರಿ ಕೂಡ ಆಗಿವೆ. ಮಕ್ಕಳನ್ನು ಮುದ್ದಿನಿಂದ ಕರೆಯುವುದಕ್ಕೂ ಹಾಗೆಯೇ: ಅಲ್ಲಿ ಕುಟ್ಟಿ, ಇಲ್ಲಿ ಮರಿ. ಹಾಗಾಗಿ ಪಕ್ಕದ ಮನೆಯ ತಮಿಳು ಅಕ್ಕ ನಿಮ್ಮ ಮಗುವನ್ನು ಕುಟ್ಟಿ ಎಂದರೆ, ಅದನ್ನು ಕುಟ್ಟುವುದಕ್ಕೆ ಬಂದರು ಎಂದು ತಿಳಿಯಬೇಡಿ.

ವೆಳ್ಳಾಡಿನ ವೆಳ್ ಎಂದೊಡನೆ ಬಿಳಿ ಎಂದು ತೋರುತ್ತದೆ. ಆದರೆ ಬಣ್ಣ ನೋಡಿ ಮೋಸಹೋಗಬಾರದು. ನಮ್ಮ ಸೇಲಂ, ಧರ್ಮಪುರಿ ಸೀಮೆಯ ಹೆಸರಾದ ಆಡಿನ ತಳಿಗೆ ಸೇಲಂ ಕರುಪ್ಪು ಎಂದು ಹೆಸರು, ಮೈಯೆಲ್ಲ ಕಪ್ಪು. ಆದರೂ ಅದು ವೆಳ್ಳಾಡೇ. ಕಪ್ಪು ಬಿಳಿಯಾಡು! ಕುರಿಗಳಲ್ಲಿ ಈ ಕಡೆಗೆ ಹೆಸರಾದದ್ದು ಮೇಚ್ಚೇರಿ ತಳಿ. ಸೇಲಂ ಜಿಲ್ಲೆಯ ಪೊಟ್ಟನೇರಿಯಲ್ಲಿ ಅದಕ್ಕಾಗಿಯೇ ಒಂದು ಸಂಶೋಧನಾ ಕೇಂದ್ರವಿದೆ. ದನದಲ್ಲಿ ನಮ್ಮ ಜಿಲ್ಲೆಯ ಆಲಂಬಾಡಿ. ಅದು ಮೈಸೂರು ಸೀಮೆಯ ಹಳ್ಳಿಕಾರ್ ದನಗಳ ಬಳಗದ್ದೇ.

ಈಗ ಮಾಡು. ಗಡಿಯಲ್ಲಿ ಶಾಲೆಗೆ ಹೋದ ಕನ್ನಡದ ಮಕ್ಕಳೆಲ್ಲ ಈ ಒಂದು ಮಾತಿನಿಂದ ಅವಮಾನ ಉಂಡವರೇ. ನಾವು ಮನೆಯಲ್ಲಿ ಊಟ ಮಾಡು, ಸ್ನಾನ ಮಾಡು, ಕೆಲಸ ಮಾಡು ಎನ್ನುತ್ತೇವೆ. ತಮಿಳಿನಲ್ಲಿ ಮಾಡು ಎಂದರೆ ದನ. ನಮ್ಮ ಬಾಲ್ಯದಲ್ಲಿ ಅವ್ವ ಶಾಲೆಯ ಬೇಲಿಯ ಹತ್ತಿರ ಬುತ್ತಿ ತಂದು, ಊಟ ಮಾಡು ಬಾ ಎಂದು ಕರೆದ ದಿನ ಇಡೀ ತರಗತಿ, ಮಾಡು ಮಾಡು, ನಿನ್ನನ್ನು ನಿಮ್ಮಮ್ಮ ದನ ಎನ್ನುತ್ತಾಳೆ ಎಂದು ವರ್ಷವಿಡೀ ಹಾಡಿತು. ಮರುದಿನದಿಂದ ಅವ್ವನಿಗೆ ಶಾಲೆಯ ಹತ್ತಿರ ಕನ್ನಡ ಮಾತಾಡಬೇಡ ಎಂದು ಹೇಳಿದೆವು. ಅವಳು ಏನೂ ಅನ್ನಲಿಲ್ಲ. ಬುತ್ತಿಯನ್ನು ಬೇಲಿಯ ಮೇಲೆ ಇಟ್ಟು ಹೋಗುತ್ತಿದ್ದಳು.

ಈಗಿನ ಮಕ್ಕಳಿಗೆ ನಾವು ಎರಡು ಉತ್ತರ ಕಲಿಸಿದ್ದೇವೆ. ಒಂದು ತುಂಟತನದ್ದು. ತಮಿಳಿನಲ್ಲಿ ಮಾಡಿ ಎಂಬುದಕ್ಕೆ ಪಣ್ಣಿ ಎನ್ನುತ್ತಾರೆ. ಹಂದಿಗೆ ಬರಹದಲ್ಲಿ ಪನ್ಱಿ, ಬಾಯಿಮಾತಿನಲ್ಲಿ ಪನ್ನಿ. ಅವಸರದಲ್ಲಿ ಎರಡೂ ಒಂದೇ. ನಮ್ಮ ಕೆಲಸದಲ್ಲಿ ದನವಿದ್ದರೆ ಅವರ ಕೆಲಸದಲ್ಲಿ ಹಂದಿ ಇದೆ ಎಂದು ಹೇಳಿದರೆ ಹುಡುಗರು ಕೂಡಿ ನಗುತ್ತಾರೆ, ಜಗಳ ಅಲ್ಲಿಗೆ ಮುಗಿಯುತ್ತದೆ.

ಇನ್ನೊಂದು ಸ್ವಲ್ಪ ದೊಡ್ಡವರಾದ ಮೇಲೆ ಹೇಳುವುದು. ಮಾಡು ಎಂದರೆ ದನ ಮಾತ್ರವಲ್ಲ, ಹಳೆಯ ತಮಿಳಿನಲ್ಲಿ ಸಂಪತ್ತು ಎಂಬ ಅರ್ಥವೂ ಇತ್ತು. ತಿರುಕ್ಕುರಳಿನಲ್ಲಿ ವಿದ್ಯೆಯನ್ನು ಕುರಿತ ಅಧ್ಯಾಯದ ಕೊನೆಯ ಕುರಳಿನಲ್ಲಿ ವಿದ್ಯೆಯೇ ಕೇಡಿಲ್ಲದ ಸಂಪತ್ತು, ಬೇರೆಯದು ಸಂಪತ್ತಲ್ಲ ಎಂಬ ಅರ್ಥ ಬರುವಲ್ಲಿ ಈ ಮಾಡು ಎಂಬ ಮಾತೇ ಇದೆ. ಶಾಲೆಯ ಪುಸ್ತಕದಲ್ಲೂ ಇರುವ ಕುರಳು ಅದು. ಕನ್ನಡದಲ್ಲಿ ನೋಡಿದರೆ ನಮ್ಮ ದನ ಎಂಬ ಮಾತು ಧನದಿಂದ ಬಂದದ್ದು. ಅವರಲ್ಲಿ ದನದ ಹೆಸರು ಸಂಪತ್ತಿಗೂ ನಡೆಯಿತು, ನಮ್ಮಲ್ಲಿ ಸಂಪತ್ತಿನ ಹೆಸರು ದನಕ್ಕೆ ಬಂತು. ಹಟ್ಟಿಯಲ್ಲಿ ಎಷ್ಟು ರಾಸು ಇವೆ ಎಂದು ನೋಡಿಯೇ ಹೆಣ್ಣು ಕೊಡುತ್ತಿದ್ದ ಕಾಲದ ಮಾತುಗಳು ಇವು.

ನಮ್ಮ ಧರ್ಮಪುರಿ ಸೀಮೆಯಲ್ಲಿ ಇದಕ್ಕೆ ಕಲ್ಲಿನ ಸಾಕ್ಷಿಯೇ ಇದೆ. ದನಗಳನ್ನು ಹೊಡೆದುಕೊಂಡು ಹೋದವರ ಜೊತೆ ಕಾದಾಡಿ ಸತ್ತವರಿಗೆ ನೆಟ್ಟ ನಡುಕಲ್ಲುಗಳು, ನಮ್ಮ ಮಾತಿನಲ್ಲಿ ವೀರಗಲ್ಲುಗಳು, ಹೊಲಗಳಲ್ಲಿ ಸಿಕ್ಕಿವೆ. ಕೆಲವನ್ನು ಧರ್ಮಪುರಿಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಇಂಥ ತಮಿಳು ಕಲ್ಲುಗಳಲ್ಲಿ ದನದ ಹಿಂಡಿಗೆ ತೊಱು ಎಂದು ಬರೆದಿರುತ್ತದೆ. ಕನ್ನಡದ ಕಲ್ಲುಗಳಲ್ಲಿ ಅದೇ ತುಱು. ತುರುಗೊಳ್, ತುರುಗಾಳಗ ಎಂದು ಓದಿದವರಿಗೆ ನೆನಪಿರಬಹುದು. ನಾಯಿಗೂ ಎರಡೂ ಕಡೆ ಕಲ್ಲು ನಿಲ್ಲಿಸಿದ್ದಾರೆ. ತಿರುವಣ್ಣಾಮಲೈ ಜಿಲ್ಲೆಯ ಎಡುತ್ತನೂರಿನಲ್ಲಿ ಪಲ್ಲವರ ಕಾಲದ, 7ನೇ ಶತಮಾನದ ಒಂದು ನಡುಕಲ್ಲಿದೆ. ಒಡೆಯ ಸತ್ತ ಮೇಲೆ ಕಳ್ಳರನ್ನು ಕಚ್ಚಿ ನಿಂತ ಕೋವಿವನ್ ಎಂಬ ನಾಯಿಯ ಹೆಸರು ಅದರ ಮೇಲಿದೆ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಸುಮಾರು 950ರದು. ಕಾಡುಹಂದಿಯ ಜೊತೆ ಹೋರಾಡಿ, ಅದೂ ಸತ್ತು ತಾನೂ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ. ಈಗ ಅದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಗೆ ಮಾತ್ರ ಅವರೂ ನಾವೂ ಹೆಸರನ್ನು ಅಷ್ಟಾಗಿ ಬದಲಿಸಿಕೊಂಡಿಲ್ಲ: ನಾಯ್, ನಾಯಿ.

ಬೇರೆ ಹೆಸರುಗಳನ್ನು ಕಲಿಯಲು ಎರಡು ಸುಲಭದ ಕೀಲಿಕೈಗಳಿವೆ. ನಮ್ಮ ಹ ಅವರ ಪ. ಹುಲಿ ಪುಲಿ, ಹಾವು ಪಾಂಬು, ಹಲ್ಲಿ ಪಲ್ಲಿ, ಹುಳು ಪುೞು, ಹೇನು ಪೇನ್, ಹಸು ಪಸು. ಪಂಪನ ಕಾಲದಲ್ಲಿ ನಾವೂ ಪುಲಿ, ಪಾವು, ಪಂದಿ ಎಂದೇ ಹೇಳುತ್ತಿದ್ದೆವು. ಆಮೇಲೆ ನಮ್ಮ ತುಟಿ ಸಡಿಲವಾಯಿತು, ಅವರದು ಆಗಲಿಲ್ಲ. ಇದು ಮರೆತುಹೋದರೆ ಹೊಗೇನಕಲ್ ಜಲಪಾತವನ್ನು ನೆನೆಸಿಕೊಳ್ಳಿ. ನಮ್ಮ ಧರ್ಮಪುರಿ ಜಿಲ್ಲೆಯಲ್ಲೇ ಇದ್ದರೂ ಹೆಸರು ಕನ್ನಡದ ಹೊಗೆಯದು. ತಮಿಳಿನಲ್ಲಿ ಹೊಗೆಗೆ ಪುಗೈ. ಎರಡನೆಯ ಕೀಲಿಕೈ, ನಮ್ಮ ಬ ಅವರ ವ. ಬಾಲ ವಾಲ್, ಬಾತು ವಾತ್ತು, ಬಾವಲಿ ವೌವಾಲ್. ಬೆಕ್ಕಿಗೆ ಈಗ ಅವರು ಪೂನೈ ಎನ್ನುತ್ತಾರೆ, ಆದರೆ ಹಳೆಯ ತಮಿಳಿನಲ್ಲಿ ಕಾಡುಬೆಕ್ಕಿಗೆ ವೆರುಗು ಎಂಬ ಹೆಸರಿದೆ. ನಮ್ಮ ಬೆಕ್ಕು ಹಿಂದೆ ಬೆರ್ಕು ಆಗಿತ್ತು, ಎರಡೂ ಒಂದೇ ಬೇರಿನವು.

ಹುಲಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಪುಲಿ ಎಂದರೆ ಹುಲಿ, ಪುಳಿ ಎಂದರೆ ಹುಣಸೆ. ಲ ಳ ಬೇರೆ ಮಾಡದ ಮಕ್ಕಳು ಅಂಗಡಿಗೆ ಹೋಗಿ ಅರ್ಧ ಕಿಲೋ ಹುಲಿ ಕೇಳುತ್ತಾರೆ. ಕತ್ತೆಕಿರುಬಕ್ಕೆ ಅವರು ಕೞುದೈಪ್ಪುಲಿ, ಕತ್ತೆಹುಲಿ ಎನ್ನುತ್ತಾರೆ. ಆ ಪ್ರಾಣಿಯ ಮುಖ ನೋಡಿದ ಎರಡೂ ಕಡೆಯವರಿಗೆ ಕತ್ತೆಯೇ ನೆನಪಾಯಿತೆಂದು ಕಾಣುತ್ತದೆ.

ಹಕ್ಕಿಗಳಲ್ಲಿ ಒಂದೇ ಒಂದನ್ನು ಹೇಳುತ್ತೇವೆ. ಕೊಕ್ಕು ಎಂದರೆ ನಮಗೆ ಹಕ್ಕಿಯ ಬಾಯಿ, ಅವರಿಗೆ ಇಡೀ ಹಕ್ಕಿ, ನಮ್ಮ ಕೊಕ್ಕರೆ. ಹಕ್ಕಿಯ ಬಾಯಿಗೆ ಅವರು ಅಲಗು ಎನ್ನುತ್ತಾರೆ. ನಮಗೆ ಅಲ್ಲಿ ಕತ್ತಿಯ ಅಲಗು ನೆನಪಾಗುತ್ತದೆ. ನಮ್ಮ ಮೊಮ್ಮಗಳು ಎರಡೂ ಭಾಷೆಯಲ್ಲಿ ಓದುತ್ತಾಳೆ. ಕೊಕ್ಕಿಗೆ ಕೊಕ್ಕು ಇದೆ ಎಂದು ಬರೆದು, ಕನ್ನಡದಲ್ಲೂ ತಪ್ಪು, ತಮಿಳಿನಲ್ಲೂ ತಪ್ಪು ಮಾಡಿಕೊಂಡಳು.

ನರಿಯ ಹೆಸರು ಎರಡೂ ಕಡೆ ಒಂದೇ, ಆದರೆ ಅದರ ಮಾನ ಬೇರೆ. ನಮ್ಮಲ್ಲಿ ನರಿಬುದ್ಧಿ ಎಂದರೆ ಬೈಗುಳ. ತಮಿಳಿನಲ್ಲೂ ಅದು ಮೋಸಗಾರನೇ, ಆದರೂ ಬೆಳಿಗ್ಗೆ ನರಿಯ ಮುಖ ನೋಡಿದರೆ ಅದೃಷ್ಟವಂತೆ. ಯಾರಿಗಾದರೂ ದಿಢೀರನೆ ಹಣ ಬಂದರೆ, ನರಿ ಮುಖದಲ್ಲಿ ಕಣ್ಣು ಬಿಟ್ಟೆಯಾ ಎಂದು ಕೇಳುತ್ತಾರೆ. ನಿಮ್ಮನ್ನು ಹಾಗೆ ಕೇಳಿದರೆ ಸಿಟ್ಟಾಗಬೇಡಿ, ಹೊಗಳಿದ್ದಾರೆ ಎಂದೇ ತಿಳಿಯಿರಿ. ಸೇಲಂ ಜಿಲ್ಲೆಯ ವಾಳಪ್ಪಾಡಿ ಸುತ್ತಿನ ಕೆಲವು ಹಳ್ಳಿಗಳಲ್ಲಿ ಪೊಂಗಲ್ ಹೊತ್ತಿಗೆ ವಂಗಾನರಿ ಎಂಬ ಸಣ್ಣ ನರಿಯನ್ನು ಕಾಡಿನಿಂದ ಹಿಡಿದು ತಂದು, ಊರವರೆಲ್ಲ ಅದರ ಮುಖ ನೋಡಿ ಓಡಿಸುವ ಪದ್ಧತಿ ಇತ್ತು. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ವಿರುದ್ಧವಾದ್ದರಿಂದ ಅರಣ್ಯ ಇಲಾಖೆಯವರು ತಡೆಯುತ್ತಾ ಬಂದಿದ್ದಾರೆ. ನರಿಯ ಅದೃಷ್ಟವನ್ನೂ ಯಾರಾದರೂ ನೋಡಬೇಕಲ್ಲ.

ಬೇರೆ ಗಡಿಗಳ ಸದಸ್ಯರೂ ಇದನ್ನು ಓದುತ್ತಾರಾದ್ದರಿಂದ ಅವರ ಕಡೆಯ ಕೆಲವನ್ನು ಕೇಳಿದಷ್ಟು ಸೇರಿಸುತ್ತೇವೆ. ಮಡಕಶಿರ, ರಾಯದುರ್ಗದ ಕಡೆ ತೆಲುಗಿನಲ್ಲಿ ಈಗ ಎಂದರೆ ನೊಣ, ಚಿಲಕ ಎಂದರೆ ಗಿಣಿ, ತೇಲು ಎಂದರೆ ಚೇಳು. ಚಿಲಕ ಹಾಕು ಎಂದರೆ ಅವರು ಯಾವ ಪಂಜರಕ್ಕೆ ಎಂದು ಕೇಳಬಹುದು. ಅಕ್ಕಲಕೋಟೆ, ಜತ್ತದ ಕಡೆ ಮರಾಠಿಯಲ್ಲಿ ಗಾಯ ಎಂದರೆ ಹಸು, ಹತ್ತಿ ಎಂದರೆ ಆನೆ. ಕಾಸರಗೋಡಿನ ಸದಸ್ಯರು ಹೇಳಿದ್ದು: ಮಲಯಾಳದಲ್ಲಿ ಪುಲಿ ಎಂದರೆ ಚಿರತೆ, ಹುಲಿಗೆ ಕಡುವ. ಪತ್ರಿಕೆಯಲ್ಲಿ ಪುಲಿ ಬಂತು ಎಂದು ಓದಿ ಹುಲಿ ಎಂದು ಸುದ್ದಿ ಹಬ್ಬಿಸಬಾರದು. ಅವರಲ್ಲಿ ಪಟ್ಟಿ ಎಂದರೆ ನಾಯಿ. ಅಲ್ಲಿಂದ ಒಬ್ಬರು ನಮ್ಮೂರಿಗೆ ಬಂದಾಗ ಬಸ್ಸಿನ ಬೋರ್ಡಿನಲ್ಲಿ ಪಾಪ್ಪಿರೆಡ್ಡಿಪಟ್ಟಿ ಎಂದು ಓದಿ ನಕ್ಕಿದ್ದರು. ಇಲ್ಲಿ ಪಟ್ಟಿ ಎಂದರೆ ದನಕುರಿಗಳ ದೊಡ್ಡಿ, ಅದರಿಂದ ಊರು ಎಂದು ತಿಳಿಸಿದ ಮೇಲೆ ಬಸ್ಸು ಹತ್ತಿದರು.

ಸದಸ್ಯರು ತಮ್ಮ ತಮ್ಮ ಕಡೆಯ ಇಂಥ ಮಾತುಗಳನ್ನು, ಮುಖ್ಯವಾಗಿ ದನಗಳ ರೋಗ, ಗಬ್ಬ, ಹಾಲು, ಕೊಡುಕೊಳ್ಳುವ ವ್ಯವಹಾರದ ಮಾತುಗಳನ್ನು ಬರೆದು ಸಂಘಕ್ಕೆ ಕಳುಹಿಸಬೇಕೆಂದು ಕೋರುತ್ತೇವೆ. ಕೈಬರಹವಾದರೂ ಸರಿ, ಫೋನಿನಲ್ಲಿ ಹೇಳಿದರೂ ಸರಿ, ನಾವೇ ಬರೆದುಕೊಳ್ಳುತ್ತೇವೆ. ಕನ್ನಡದ ಮಾತು ಒಂದು ಕಡೆ, ಗಡಿಯಾಚೆಯ ಮಾತು ಕನ್ನಡ ಅಕ್ಷರದಲ್ಲಿ ಇನ್ನೊಂದು ಕಡೆ, ಇಷ್ಟಿದ್ದರೆ ಸಾಕು. ಬಂದದ್ದನ್ನೆಲ್ಲ ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿ ಮುಂದಿನ ಮಾಸಿಕ ಸಭೆಯಲ್ಲಿ ಹಂಚುವ ವಿಚಾರವಿದೆ. ಸಭೆ ಎಂದಿನಂತೆ ಎರಡನೆಯ ಭಾನುವಾರ ಸಂಜೆ. ಚಂದಾ ಬಾಕಿ ಇರುವವರೂ ಬರಬಹುದು.

ಆ ಕನಕಪುರದ ಹುಡುಗಿ ಸಭೆಯವರೆಗೆ ಕಾಯಲಿಲ್ಲ. ನಮ್ಮಿಂದ ಹದಿನಾಲ್ಕು ಮಾತು ಬರೆಸಿಕೊಂಡು ಹೋಗಿ ಕೊಟ್ಟಿಗೆಯ ಬಾಗಿಲ ಒಳಮೈಗೆ ಅಂಟಿಸಿದ್ದಾಳೆ. ಮೊದಲನೆಯದು ಕನ್ನು. ಹಸು ಮತ್ತೆ ಗಬ್ಬವಾಗಿದೆ, ಇದು ಏಳನೆಯ ತಿಂಗಳು.

ಇತಿ,
ಕಾರ್ಯದರ್ಶಿ